ಅಕ್ಕಿ ಡಬ್ಬದೊಳಗಿನ ಬೀಗದ ಕೈ

ನಮ್ಮ ಕನ್ನಡ ಸಂಘದಲ್ಲಿ ನನಗೊಂದು ಅಡ್ಡಹೆಸರಿದೆ, ಸುಳ್ಳಪ್ಪ ಅಂತ. ಎದುರಿಗೆ ಯಾರೂ ಕರೆಯುವುದಿಲ್ಲ. ಊಟದ ಸಾಲಿನಲ್ಲಿ ಹಿಂದೆ ನಿಂತವರು ಮೆಲ್ಲಗೆ ಅನ್ನುವುದು ಕಿವಿಗೆ ಬಿದ್ದಿದೆ. ವೇದಿಕೆ ಹತ್ತಿ, ಮೈಕು ಹಿಡಿದು, ಇಲ್ಲದ ಕಥೆ ಕಟ್ಟಿ ಹೇಳಿ, ಆಮೇಲೆ ತಾನೇ ಸುಳ್ಳು ಅಂತ ಒಪ್ಪಿಕೊಂಡ ಮುದುಕ ನಾನು. ಎರಡು ವರ್ಷಕ್ಕೂ ಮೇಲೆ ನಾನು ಅದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆಯುವ ಹಾಗಿರಲಿಲ್ಲ. ಈಗ ಹೇಳಬಹುದು ಎಂದು, ಹಾಗೆ ಹೇಳುವ ಅಧಿಕಾರ ಇದ್ದವರು ಹೇಳಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಆಗ ನಾನು ಇಲ್ಲಿ ಕೆನಡಾದಲ್ಲಿ, ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯ ಒಂದು ಹಳೆಯ ಅಪಾರ್ಟ್‌ಮೆಂಟು ಕಟ್ಟಡದಲ್ಲಿ ಸೂಪರ್ ಆಗಿದ್ದೆ. ಸೂಪರ್ ಅಂದರೆ ಸೂಪರಿಂಟೆಂಡೆಂಟು. ಹೆಸರು ದೊಡ್ಡದು. ಕೆಲಸ ಮಾತ್ರ ಕಸದ ಕೊಳವೆ ಕಟ್ಟಿಕೊಂಡರೆ ಬಿಡಿಸುವುದು, ಬಾಯ್ಲರ್ ನೋಡಿಕೊಳ್ಳುವುದು, ಲಿಫ್ಟು ನಿಂತರೆ ಎಲ್ಲರಿಂದಲೂ ಬೈಸಿಕೊಳ್ಳುವುದು. 2016ರ ಬೇಸಿಗೆಯಲ್ಲಿ ನೀರಿನ ರೈಸರುಗಳನ್ನು ಬದಲಾಯಿಸುವ ಕೆಲಸ ಶುರುವಾಯಿತು. ಬೇಸ್‌ಮೆಂಟಿನಿಂದ ಹೊರಟು, ಒಂದರ ಮೇಲೊಂದು ಇರುವ ಅಡುಗೆಮನೆಗಳ ಗೋಡೆಯೊಳಗೆ ಕೊನೆಯ ಮಹಡಿಯ ತನಕ ನೆಟ್ಟಗೆ ಹೋಗುವ ಪೈಪಿಗೆ ರೈಸರ್ ಅನ್ನುತ್ತಾರೆ. ಕಟ್ಟಡದ ವಯಸ್ಸಿಗೆ ಅವೆಲ್ಲ ಒಳಗೇ ತುಕ್ಕು ಹಿಡಿದಿದ್ದವು. ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಒಂದು ಸಾಲಿನ ವಾಲ್ವು ಮುಚ್ಚಬೇಕು, ಪೈಪಿನಲ್ಲಿ ಉಳಿದ ನೀರು ಇಳಿಸಬೇಕು. ಪ್ಲಂಬರುಗಳು ಬಂದು ಆ ಸಾಲಿನ ಪ್ರತಿ ಅಡುಗೆಮನೆಯ ಗೋಡೆ ಕೊಯ್ದು ಹಳೆಯ ಪೈಪು ತೆಗೆದು ಹೊಸದು ಕೂರಿಸುತ್ತಾರೆ. ನಡುವೆ ಒಂದು ಮನೆಯ ಬಾಗಿಲು ತೆಗೆಯದಿದ್ದರೆ ಇಡೀ ಸಾಲು ನಿಂತಂತೆ. ಯಾರ ಮನೆಗಾದರೂ ಒಳಗೆ ಹೋಗಬೇಕಾದರೆ ಹಿಂದಿನ ದಿನವೇ ಬರಹದಲ್ಲಿ ನೋಟಿಸು ಕೊಟ್ಟಿರಬೇಕು. ಅದು ಇಲ್ಲಿನ ಕಾನೂನು.

ಒಬ್ಬನಿಂದ ಆಗುವ ಕೆಲಸವಲ್ಲ, ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದು ಮ್ಯಾನೇಜರು ಹೇಳಿದರು. ಕೆಳಮಹಡಿಯಲ್ಲಿ ಒಬ್ಬರೇ ಇದ್ದ ಬಾಡಿಗೆದಾರರೊಬ್ಬರು ನೆನಪಾದರು. ಐವತ್ತು ದಾಟಿದ ವಯಸ್ಸು. ಮನೆಗೆ ಬಂದ ದಿನವೇ ನನ್ನ ಹತ್ತಿರ ಬಂದು, ಲಾಬಿಯ ಬಾಗಿಲಿನ ಬಜರ್ ಪಟ್ಟಿಯಲ್ಲಿ ತಮ್ಮ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದರು. ಅವರ ದೇಶದ ಹೆಸರು ಬರೆಯುವುದಿಲ್ಲ. ನಮ್ಮ ಹಾಗೆಯೇ ಹಿಂದೆ ಇಂಗ್ಲಿಷರು ಆಳಿ ಬಿಟ್ಟುಹೋದ ದೇಶ. ಅಲ್ಲಿ ಕುರ್ಚಿಯಲ್ಲಿ ಮಂತ್ರಿಗಳು ಕೂತಿರುತ್ತಾರೆ, ಕುರ್ಚಿಯ ಹಿಂದೆ ಸೈನ್ಯ ನಿಂತಿರುತ್ತದೆ. ಇವರು ಆಶ್ರಯ ಕೇಳಿಕೊಂಡು ಕೆನಡಾಕ್ಕೆ ಬಂದು ವಿಚಾರಣೆಗೆ ಕಾಯುತ್ತಿದ್ದರು. ನಾವಿಬ್ಬರೂ ಹಿಂದಿ, ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದೆವು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರು ನನ್ನನ್ನು ಸೂಪರ್ ಸಾಬ್ ಅನ್ನುತ್ತಿದ್ದರು. ಅಲ್ಲಿ ಏನೋ ದೊಡ್ಡ ಹುದ್ದೆಯಲ್ಲಿದ್ದವರು ಎಂದು ನಡೆ ನೋಡಿಯೇ ಗೊತ್ತಾಗುತ್ತಿತ್ತು, ಹಾಗಾಗಿ ನಾನು ಸಾಹೇಬರೇ ಅನ್ನುತ್ತಿದ್ದೆ.

ಮಾಸ್ಟರ್ ಕೀಗಳ ಗೊಂಚಲು ಅವರ ಸೊಂಟದಲ್ಲಿ ಇರುತ್ತಿತ್ತು. ಬಾಗಿಲು ತೆಗೆದು, ಪ್ಲಂಬರು ಹೊರಗೆ ಬಂದ ಕೂಡಲೇ ಬೀಗ ಹಾಕಿ, ಹಿಡಿಕೆಯನ್ನು ಒಮ್ಮೆ ಎಳೆದು ನೋಡಿ ಮುಂದಕ್ಕೆ ಹೋಗುತ್ತಿದ್ದರು. ಒಂದು ದಿನವೂ ಆ ಎಳೆತ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತನೆಯ ಮಹಡಿಯಲ್ಲಿ ಕೆಲಸ ನಿಂತುಬಿಟ್ಟಿತು. ಒಂದು ಮನೆಗೆ ನೋಟಿಸು ಹಾಕುವುದನ್ನು ನಾನು ಮರೆತಿದ್ದೆ. ಆ ಮನೆಯ ನರ್ಸಮ್ಮ ಕೆಲಸಕ್ಕೆ ಹೋಗಿದ್ದಳು. ಮೇಲೂ ಕೆಳಗೂ ಗೋಡೆ ಕೊಯ್ದಾಗಿತ್ತು, ಸಾಲಿಗೆಲ್ಲ ನೀರಿಲ್ಲ. ಸಣ್ಣ ಮಕ್ಕಳ ತಾಯಂದಿರು ಬಕೆಟು ಹಿಡಿದು ಬಂದು ಬೈಯತೊಡಗಿದರು. ಮ್ಯಾನೇಜರಿಗೆ ಫೋನು ಮಾಡಿದರೆ, "ಜಸ್ಟ್ ಓಪನ್ ಇಟ್" ಎಂದು ಇಟ್ಟುಬಿಟ್ಟರು.

"ತೆಗೀರಿ ಸಾಹೇಬರೇ," ಎಂದೆ.

"ನೋಟಿಸು ಕೊಟ್ಟಿಲ್ಲ."

"ಗೊತ್ತು. ತಪ್ಪು ನಂದೇ. ಈಗ ತೆಗೀರಿ."

"ಆಕೆಯ ಫೋನು ನಂಬರು ಇದೆಯಲ್ಲ, ಕೇಳಿ. ಹ್ಞೂಂ ಅಂದರೆ ತೆಗೀತೀನಿ."

ಆಕೆ ಫೋನು ಎತ್ತಲಿಲ್ಲ. ಕೀ ಇಲ್ಲಿ ಕೊಡಿ, ನಾನೇ ತೆಗೆಯುತ್ತೇನೆ ಎಂದೆ. ಅವರು ಗೊಂಚಲನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಪ್ಲಂಬರು ನಕ್ಕು, "ಹೂ ಈಸ್ ದಿಸ್ ಗೈ, ಪೊಲೀಸ್?" ಎಂದ. ನನಗೆ ಸಿಟ್ಟು ಬಂದು, ಇದೇನು ನಿಮ್ಮ ಸರ್ಕಾರಿ ಆಫೀಸು ಅಂದುಕೊಂಡಿದ್ದೀರಾ ಎಂದು ಎಲ್ಲರೆದುರು ಕೂಗಿದೆ. ಅವರು ತಲೆ ತಗ್ಗಿಸಿದರು, ಅಲ್ಲಿಂದ ಮಾತ್ರ ಅಲುಗಲಿಲ್ಲ. ಮಧ್ಯಾಹ್ನ ಆಕೆಯೇ ವಾಪಸು ಫೋನು ಮಾಡಿ ಒಪ್ಪಿದ ಮೇಲೆ ಬಾಗಿಲು ತೆಗೆದರು. ಒಳಗೆ ವಿಶೇಷವೇನೂ ಇರಲಿಲ್ಲ. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ, ಕುರ್ಚಿಯ ಬೆನ್ನಿಗೆ ಒಣಹಾಕಿದ ಬಟ್ಟೆ, ಅಷ್ಟೇ.

ಆ ಸಂಜೆ ಬಾಯ್ಲರ್ ರೂಮಿನಲ್ಲಿ ಚಹಾ ಕುಡಿಯುತ್ತ ಅವರೇ ಮಾತು ತೆಗೆದರು.

"ನಾನೂ ಸೂಪರಿಂಟೆಂಡೆಂಟೇ ಆಗಿದ್ದೆ, ಸೂಪರ್ ಸಾಬ್. ಜೈಲಿಗೆ."

ಅವರು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಸರ್ಕಾರ ಬದಲಾದ ಮೇಲೆ ಮೊದಮೊದಲು ದೊಡ್ಡದೇನೂ ಆಗಲಿಲ್ಲ. ಒಬ್ಬ ಎಳೆಯ ಕ್ಯಾಪ್ಟನ್ ವಾರಕ್ಕೊಮ್ಮೆ ಬಂದು ಇವರ ಕುರ್ಚಿಯಲ್ಲಿ ಕೂರುವುದು, ಇವರು ಎದುರಿಗೆ ನಿಲ್ಲುವುದು. ಯಾವ ಕೈದಿಯನ್ನು ಯಾರು ನೋಡಲು ಬರುತ್ತಾರೆ ಎಂದು ಕೇಳುವುದು. ಆ ಬ್ಯಾರಕ್ಕಿನ ಫ್ಯಾನು ತೆಗೆಸಿ ಅನ್ನುವುದು. ಒಂದೊಂದಕ್ಕೂ ಇವರು ಹ್ಞೂಂ ಅಂದಿದ್ದರು. "ಫ್ಯಾನು ತೆಗೆಸಿದೆ," ಎಂದರು. "ಅದನ್ನು ಯಾರಿಗೂ ಹೇಳಿಲ್ಲ. ಆ ಬ್ಯಾರಕ್ಕಿನಲ್ಲಿ ಒಬ್ಬ ಆಸ್ತಮಾದವನಿದ್ದ." ಆಮೇಲೆ ಒಂದು ಸಂಜೆ ಲಾರಿ ಬಂತು. ಗಲಾಟೆಯಲ್ಲಿ ಹಿಡಿದು ತಂದಿದ್ದ ಕಾಲೇಜು ಹುಡುಗರನ್ನು ಕೊಡಿ ಎಂದು ಕ್ಯಾಪ್ಟನ್ ಕೇಳಿದ. ಕೋರ್ಟಿನ ಆದೇಶ ಎಲ್ಲಿ ಎಂದು ಇವರು ಕೇಳಿದರು. ಸಂಜೆಯ ತಲೆ ಎಣಿಕೆಯಾದ ಮೇಲೆ ಆದೇಶವಿಲ್ಲದೆ ಕೈದಿಯನ್ನು ಹೊರಗೆ ಬಿಡುವಂತಿಲ್ಲ. ಬೇರೆ ಊರಿನ ಜೈಲುಗಳಿಂದ ಹಾಗೆ ಕರೆದುಕೊಂಡು ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಒಳಗೇಟಿನ ಬೀಗದ ಕೈ ತರುತ್ತೇನೆಂದು ಹೇಳಿ ಇವರು ಅಡುಗೆಮನೆಯ ಹಾದಿಯಲ್ಲಿ ಹೋದರು. ಅಲ್ಲಿ ಅಡುಗೆಯ ಉಸ್ತುವಾರಿಯ ವಾರ್ಡರು ಅಕ್ಕಿ ಅಳೆಯುತ್ತಿದ್ದ. ಇವರು ಬಾಯಿ ಬಿಡಲಿಲ್ಲ. ಅವನು ಇವರ ಮುಖ ನೋಡಿ, ಕೈ ಚಾಚಿ ಇವರ ಮುಷ್ಟಿಯಲ್ಲಿದ್ದ ಬೀಗದ ಕೈ ತೆಗೆದುಕೊಂಡು, ಅಕ್ಕಿಯ ಡಬ್ಬದೊಳಗೆ ಮೊಳಕೈ ತನಕ ತೋಳು ಇಳಿಸಿ ಹುಗಿದ. ಮತ್ತೆ ಅಳೆಯತೊಡಗಿದ.

ಕ್ಯಾಪ್ಟನ್ ಇವರನ್ನು ಸಿಬ್ಬಂದಿಯ ಮುಂದೆ ನಿಲ್ಲಿಸಿ ಕೆನ್ನೆಗೆ ಹೊಡೆದ. ಆಫೀಸೆಲ್ಲ ಹುಡುಕಿಸಿದ. ಪೇಟೆಯಿಂದ ಗ್ಯಾಸ್ ಕಟರ್ ತರಿಸುವಷ್ಟರಲ್ಲಿ ಬೆಳಗಾಗಿ, ಹುಡುಗರ ತಂದೆತಾಯಿಗಳು ವಕೀಲರನ್ನು ಕರೆದುಕೊಂಡು ಗೇಟಿನ ಮುಂದೆ ಸೇರಿದ್ದರು. ಜನರ ಕಣ್ಣೆದುರು ಮಾಡುವ ಕೆಲಸವಲ್ಲ ಅದು. ಲಾರಿ ಹಾಗೇ ಹೋಯಿತು. ವಿಚಾರಣೆಯಲ್ಲಿ ಇವರು, ಬೀಗದ ಕೈಯನ್ನು ನಾನೇ ಚರಂಡಿಗೆ ಎಸೆದೆ ಎಂದರು. ಇವರ ನೌಕರಿ ಹೋಯಿತು, ಮೇಲೆ ಕೇಸು ಬಿತ್ತು, ದೇಶ ಬಿಟ್ಟರು. ವಾರ್ಡರು ಯಾರ ಕಣ್ಣಿಗೂ ಬೀಳದೆ ಅಲ್ಲೇ ಉಳಿದ.

"ಈಗಲೂ ಅಲ್ಲೇ ಅಕ್ಕಿ ಅಳೀತಿದ್ದಾನೆ," ಎಂದು ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ನನ್ನ ವಿಷಯ. ಪ್ರತಿ ರಾಜ್ಯೋತ್ಸವಕ್ಕೂ ನಮ್ಮ ಸಂಘ ಸ್ಕಾರ್‌ಬರೋದ ಒಂದು ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಕಾರ್ಯಕ್ರಮ ಮಾಡುತ್ತದೆ. ಪ್ರತಿ ವರ್ಷ ಒಬ್ಬರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಡಾಕ್ಟರಿಗೋ ಪ್ರೊಫೆಸರಿಗೋ ಇನ್ನೊಬ್ಬ ಡಾಕ್ಟರೋ ಪ್ರೊಫೆಸರೋ ಅಭಿನಂದನೆಯ ಮಾತು ಆಡುತ್ತಾರೆ. ನಾನು ಕುರ್ಚಿ ಹಾಕುವವನು, ಕುರ್ಚಿ ಮಡಿಸುವವನು. ಹೈಸ್ಕೂಲಿಗೆ ಓದು ನಿಲ್ಲಿಸಿದವನ ಕೈಗೆ ಯಾರೂ ಮೈಕು ಕೊಟ್ಟಿರಲಿಲ್ಲ. ಕೊಡಲಿ ಎಂಬ ಆಸೆ ಇರಲಿಲ್ಲ ಎಂದರೆ ಅದು ಮಾತ್ರ ನಿಜವಾದ ಸುಳ್ಳಾಗುತ್ತದೆ. ಆ ವರ್ಷ ಸನ್ಮಾನಕ್ಕೆ ಒಪ್ಪಿದ್ದ ಡಾಕ್ಟರು ಕೊನೆಯ ವಾರದಲ್ಲಿ ಬರಲಾಗುವುದಿಲ್ಲ ಎಂದರು. ನಮ್ಮ ಕಟ್ಟಡದಲ್ಲಿ ಒಬ್ಬ ದೊಡ್ಡ ಅಧಿಕಾರಿ ಇದ್ದಾರೆ, ಅನ್ಯಾಯಕ್ಕೆ ಬಾಗಿಲು ತೆಗೆಯದವರು, ಅವರಿಗೆ ಮಾಡೋಣ, ನಾನೇ ಮಾತಾಡುತ್ತೇನೆ ಎಂದೆ. ಕಮಿಟಿ ಒಪ್ಪಿತು.

ಮನೆಯಲ್ಲಿ ಹೇಳಿದಾಗ ಹೆಂಡತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಅವ್ರನ್ನ ಕೇಳೀರೇನ್ರಿ?"

"ಕೇಳಿದ್ರ ಬ್ಯಾಡ ಅಂತಾರ. ಸನ್ಮಾನ ಅಂದ್ರ ಯಾರರ ಕೇಳಿ ಮಾಡ್ತಾರೇನ?"

"ಬಾಗಲಾಗ ಹೆಸರು ಸೈತ ಹಾಕಬ್ಯಾಡ್ರಿ ಅಂದವ್ರು ಅವ್ರು. ನೀವು ನೋಡಿದ್ರ ಪೇಟಾ ಸುತ್ತಿ ಕುಂಡ್ರಸಾಕ ಹೊಂಟೀರಿ."

"ಅಲ್ಲಿರೋರೆಲ್ಲ ನಮ್ಮವ್ರ ಅದಾರ. ಸುಮ್ಮನಿರು."

ಸಾಹೇಬರಿಗೆ, ನಮ್ಮ ಹಬ್ಬ, ಊಟಕ್ಕೆ ಬನ್ನಿ ಎಂದಷ್ಟೇ ಹೇಳಿದೆ. "ಬರ್ತೀನಿ. ಫೋಟೊ ಮಾತ್ರ ಬೇಡ," ಎಂದರು. ಚಿಂತೆ ಮಾಡಬೇಡಿ ಎಂದೆ.

ಅವತ್ತು ಹೆಸರು ಕೂಗಿದಾಗ ಅವರು ಗಾಬರಿಯಾಗಿ ನನ್ನ ಕಡೆ ನೋಡಿದರು. ಇಬ್ಬರು ಬಂದು ತೋಳು ಹಿಡಿದು ಕರೆದೊಯ್ದರು. ಅಷ್ಟು ಜನರೆದುರು ಕೈ ಕೊಸರಿಕೊಳ್ಳುವ ಮನುಷ್ಯ ಅವರಲ್ಲ. ಪೇಟ ಇಟ್ಟರು, ಶಾಲು ಹೊದಿಸಿದರು. ನಾನು ಮೈಕಿನ ಮುಂದೆ ನಿಂತೆ. ಸತ್ಯವಾಗಿ ಹೇಳುತ್ತೇನೆ, ವಾರ್ಡರನ ಮಾತು ಎತ್ತಬಾರದೆಂದು ನನಗೆ ಗೊತ್ತಿತ್ತು. ಬೀಗದ ಕೈ ಕೊಡಲಿಲ್ಲ ಎಂದಷ್ಟೇ ಹೇಳಿ ಇಳಿಯಬೇಕೆಂದು ಮನೆಯಲ್ಲಿ ಎರಡು ಸಲ ಹೇಳಿ ನೋಡಿಕೊಂಡಿದ್ದೆ. ಆದರೆ ಸಭೆ ನನ್ನನ್ನು ಕೇಳುತ್ತಿರಲಿಲ್ಲ. ಮಕ್ಕಳು ಓಡಾಡುತ್ತಿದ್ದವು, ಹಿಂದಿನ ಸಾಲಿನವರು ಮಾತಿಗಿಳಿದಿದ್ದರು, ಬಿಸಿಬೇಳೆಬಾತಿನ ವಾಸನೆಗೆ ಅರ್ಧ ಜನ ಎದ್ದಿದ್ದರು. ಮುಂದಿನ ಸಾಲಿನಲ್ಲಿದ್ದವರೊಬ್ಬರು ಗಡಿಯಾರ ನೋಡಿಕೊಂಡರು. ಆಗ ನಾನು, "ಬೀಗದ ಕೈ ಎಲ್ಲಿತ್ತು ಗೊತ್ತೇನ್ರಿ?" ಎಂದೆ. ಒಂದಿಷ್ಟು ತಲೆಗಳು ಈ ಕಡೆ ತಿರುಗಿದವು. "ಅಕ್ಕಿ ಡಬ್ಬದಾಗ!" ಎಂದು ಅಡುಗೆಮನೆಯ ವಾರ್ಡರನ ಕಥೆಯನ್ನು ಪೂರ್ತಿ ಹೇಳಿದೆ. ತೋಳು ಇಳಿಸಿ ಹುಗಿದದ್ದನ್ನು ನನ್ನ ತೋಳಿನಲ್ಲೇ ಮಾಡಿ ತೋರಿಸಿದೆ. ಊಟಕ್ಕೆ ಎದ್ದಿದ್ದವರು ಮತ್ತೆ ಕೂತರು. ಆಮೇಲೆ ಚಪ್ಪಾಳೆ.

ಸಾಹೇಬರಿಗೆ ಕನ್ನಡದ ಒಂದು ಮಾತೂ ತಿಳಿಯದು. ಜನ ಚಪ್ಪಾಳೆ ತಟ್ಟಿದರೆಂದು ಪೇಟದ ಕೆಳಗೆ ನಗುತ್ತ ಅವರೂ ಕೈಮುಗಿದರು.

ಸಂಘದ ಕಾರ್ಯದರ್ಶಿ ಮೈಸೂರಿನ ಕಡೆಯ ಹೆಣ್ಣುಮಗಳು, ಸಾಫ್ಟ್‌ವೇರ್ ಇಂಜಿನಿಯರ್. "ಅಂಕಲ್, ಸೂಪರ್ ಸ್ಪೀಚು! ವಿಡಿಯೊ ನಮ್ಮ ಸಂಘದ ಪೇಜಲ್ಲಿ ಹಾಕ್ತೀನಿ," ಎಂದಳು. ಫೋಟೊ ಬೇಡ ಎಂದಿದ್ದ ಮಾತು ನನಗೆ ನೆನಪಾಯಿತು. ನೆನಪಾದರೂ, "ಇಂಗ್ಲಿಷಿನ್ಯಾಗೂ ಹಾಕವ್ವ, ಎಲ್ಲಾರಿಗೂ ತಿಳೀಲಿ," ಎಂದೆ. ಅವಳು ಪಾಪ, ಕೂತು ಸಾಲುಸಾಲಿಗೂ ಇಂಗ್ಲಿಷ್ ಬರೆದಳು.

ಹಿಮ ಬೀಳತೊಡಗಿದ ಮೇಲೆ ಒಂದು ಮಧ್ಯಾಹ್ನ ಅವರು ಬೇಸ್‌ಮೆಂಟಿನ ನನ್ನ ವರ್ಕ್‌ಶಾಪಿಗೆ ಬಂದರು. ನಾನು ನಲ್ಲಿಯ ವಾಷರು ಕತ್ತರಿಸುತ್ತಿದ್ದೆ. ಫೋನನ್ನು ಬೆಂಚಿನ ಮೇಲಿಟ್ಟು ವಿಡಿಯೊ ಹಚ್ಚಿದರು. ನನ್ನ ತೋಳು ಇಲ್ಲದ ಡಬ್ಬದೊಳಗೆ ಇಳಿಯಿತು. ಅದರ ಕೆಳಗೆ ಇಂಗ್ಲಿಷ್ ಅಕ್ಷರ.

"ಇದು ನೀವು ಹೇಳಿದ್ದೇ ಹೌದಾ, ಅಥವಾ ಬರೆದವರು ತಪ್ಪು ಬರೆದಿದ್ದಾರಾ?"

ಸುಳ್ಳು ಹೇಳಲು ಅವರೇ ದಾರಿ ಕೊಟ್ಟಿದ್ದರು. ನಾನು ಹೇಳಿದ್ದೇ ಎಂದೆ.

"ಅವನನ್ನು ಕರೆದುಕೊಂಡು ಹೋಗಿದ್ದಾರೆ. ಅಡುಗೆಮನೆಯಿಂದ. ಕೈಯಲ್ಲಿ ಸೌಟು ಹಾಗೇ ಇತ್ತಂತೆ."

ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ಮೊಣಕಾಲುಗಳ ಮೇಲಿಟ್ಟುಕೊಂಡರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ಕಾರ್‌ಬರೋದಲ್ಲಿರುವ ಅವರ ದೇಶದವರೇ ಯಾರೋ ವಿಡಿಯೊ ನೋಡಿ ಅಲ್ಲಿಗೆ ಕಳಿಸಿದ್ದರು. ಕಾರ್ಯದರ್ಶಿಗೆ ಹೇಳಿ ಅದನ್ನು ತೆಗೆಸಿದೆ. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿಯಾಗಿತ್ತು.

ಅವರ ವಕೀಲರ ಬಳಿ ಇಬ್ಬರೂ ಹೋದೆವು. ವಕೀಲರು ವಿಡಿಯೊ ನೋಡಿ, ನಿಮಗೆ ಕೆಡುಕಾಗಿದ್ದು ನಿಜ, ಆದರೆ ಕೇಸಿಗೆ ಇದರಿಂದ ಒಳ್ಳೆಯದೇ ಆಗುತ್ತದೆ ಎಂದರು. ಕಥೆ ಬಹಿರಂಗವಾಗಿ, ಆ ಕಾರಣಕ್ಕೆ ಒಬ್ಬನ ಬಂಧನವೂ ಆಗಿದೆ, ವಾಪಸು ಹೋದರೆ ಅಪಾಯ ಎಂಬುದಕ್ಕೆ ಇನ್ನೇನು ಬೇಕು ಎಂದರು. ನನಗೆ ಆ ಕ್ಷಣ ಉಸಿರು ಬಂದಂತಾಯಿತು. ನನ್ನ ತಪ್ಪಿನಿಂದ ಒಬ್ಬರಿಗಾದರೂ ಉಪಯೋಗವಾಗುತ್ತದಲ್ಲ ಎಂದುಕೊಂಡೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು.

"ಸೂಪರ್ ಸಾಬ್, ಅದು ಸುಳ್ಳು ಅಂತ ನೀವು ಹೇಳಬೇಕು."

"ಯಾವುದು?"

"ಅಕ್ಕಿ ಡಬ್ಬ. ವಾರ್ಡರು. ಎಲ್ಲಾ ನೀವೇ ಕಟ್ಟಿದ್ದು ಅಂತ. ಅದೇ ಪೇಜಿನಲ್ಲಿ, ಇಂಗ್ಲಿಷಿನಲ್ಲಿ."

"ನಿಮ್ಮ ಕೇಸು? ವಕೀಲರು ಹೇಳಿದ್ದು ಕೇಳಿದಿರಲ್ಲ. ಸುಳ್ಳು ಅಂದುಬಿಟ್ಟರೆ ನಿಮ್ಮ ಮಾತನ್ನೂ ಯಾರೂ ನಂಬೋದಿಲ್ಲ."

"ನಾನು ಹೊರಗಿದ್ದೀನಿ. ಅವನು ಒಳಗಿದ್ದಾನೆ."

ಒಂಬತ್ತನೆಯ ಮಹಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗಲೂ ಅವರ ಮುಖ ಹೀಗೇ ಇತ್ತು. ಅವತ್ತು ಕೂಗಾಡಿದ್ದೆ. ಈ ಸಲ ಆಗಲಿ ಎಂದೆ.

ವರ್ಕ್‌ಶಾಪಿನಲ್ಲೇ ಅವರ ಫೋನಿನಲ್ಲಿ ಚಿತ್ರೀಕರಿಸಿದೆವು. ಹೇಳಬೇಕಾದದ್ದನ್ನು ಅವರೇ ಸುಲಭ ಇಂಗ್ಲಿಷಿನಲ್ಲಿ ಹೇಳಿಕೊಟ್ಟರು. ನಾನು ಹೆಚ್ಚು ಓದಿದವನಲ್ಲ, ವೇದಿಕೆಯ ಆಸೆಗೆ ಒಂದು ಕಥೆ ಕಟ್ಟಿದೆ, ಅಂಥ ವಾರ್ಡರು ಯಾರೂ ಇಲ್ಲ, ಈ ಸಾಹೇಬರು ನನಗೆ ಹಾಗೆ ಹೇಳಿಯೇ ಇಲ್ಲ. ಮೊದಲ ಎರಡು ಮಾತು ನಿಜವೇ ಆದ್ದರಿಂದ ಸಲೀಸಾಗಿ ಬಂದವು. ವಾರ್ಡರು ಎಂಬ ಮಾತಿಗೆ ಬಂದಾಗ ನನಗೆ ಅಳು ಬಂತು. ಅವರು ಫೋನು ಕೆಳಗಿಳಿಸಿದರು.

"ಅಳಬೇಡಿ. ಅತ್ತರೆ ನಿಜ ಅಂತ ಅವರಿಗೆ ತಿಳಿಯುತ್ತೆ."

ಇನ್ನೊಮ್ಮೆ ಹೇಳಿದೆ. ಮತ್ತೆ ಅದೇ ಮಾತಿನ ಹತ್ತಿರ ತಡವರಿಸಿದೆ.

"ನಗಿ, ಸೂಪರ್ ಸಾಬ್. ಜಂಬ ಕೊಚ್ಚಿಕೊಂಡು ಸಿಕ್ಕಿಬಿದ್ದವರು ನಗ್ತಾರಲ್ಲ, ಹಾಗೆ. ನಾನು ಆ ಕ್ಯಾಪ್ಟನ್ ಮುಂದೆ ನಕ್ಕಿದ್ದೀನಿ. ಬರುತ್ತೆ."

ನಕ್ಕೆ. ಅದು ಚೆನ್ನಾಗಿಯೇ ಬಂತು. ಆಮೇಲೆ ನೋಡಿದವರೆಲ್ಲ, ಎಷ್ಟು ನಾಚಿಕೆಗೆಟ್ಟ ನಗು ಎಂದರು.

ಕಾರ್ಯದರ್ಶಿಗೆ ಕಳಿಸಿ ಪೇಜಿನಲ್ಲಿ ಹಾಕು ಎಂದೆ. ತಕ್ಷಣ ಫೋನು ಬಂತು.

"ಅಂಕಲ್, ವಾಟ್ ಈಸ್ ದಿಸ್? ಸ್ಟೇಜ್ ಮೇಲೆ ನಿಂತ್ಕೊಂಡು ಸುಳ್ ಹೇಳಿದ್ರಾ? ನಾನು ಎರಡು ದಿನ ಕೂತು ಸಬ್‌ಟೈಟಲ್ ಹಾಕಿದ್ದೀನಿ! ಆ ಸರ್‌ಗೆ ಎಷ್ಟು ಅವಮಾನ, ಯೋಚ್ನೆ ಮಾಡಿದ್ರಾ?"

"ತಪ್ಪಾತವ್ವ," ಎಂದೆ. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ನಿಜ ತಿಳಿದಿದ್ದವಳು ಹೆಂಡತಿ ಒಬ್ಬಳೇ. ಅವಳ ಗೆಳತಿಯರು ಫೋನು ಮಾಡುವುದನ್ನು ಬಿಟ್ಟರು.

ಮುಂದಿನ ವರ್ಷ ಅವರ ವಿಚಾರಣೆ ಬಂತು. ಅಲ್ಲಿ ಎರಡೂ ವಿಡಿಯೊಗಳ ಬಗ್ಗೆ ಕೇಳಿದರು. ವಾರ್ಡರನ ಕಥೆ ಸುಳ್ಳು, ಬೀಗದ ಕೈಯನ್ನು ನಾನೇ ಎಸೆದೆ ಎಂದು ಸಾಹೇಬರು ಅಲ್ಲಿಯೂ ಹೇಳಿದರು. ಆ ಕೋಣೆಯ ಮಾತು ಹೊರಗೆ ಹೋಗುವುದಿಲ್ಲ ಎಂದು ವಕೀಲರು ಮೊದಲೇ ಹೇಳಿದ್ದರಂತೆ. ಅಲ್ಲಿರುವವರೆಲ್ಲ ನಮ್ಮವರೇ ಎಂದು ನಾನೂ ಒಮ್ಮೆ ಹೇಳಿದ್ದೆನಲ್ಲ, ಅಂಥ ಮಾತನ್ನು ಅವರು ಇನ್ನು ನಂಬುವ ಹಾಗಿರಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಅಪೀಲು ಹಾಕಿ, ಪೂರ್ವಕ್ಕಿರುವ ಒಶಾವಾ ಎಂಬ ಊರಿಗೆ ಮನೆ ಬದಲಾಯಿಸಿ, ಒಂದು ಗೋದಾಮಿನಲ್ಲಿ ಕಾರಿನ ಬಿಡಿಭಾಗ ಪ್ಯಾಕು ಮಾಡುವ ಕೆಲಸಕ್ಕೆ ಸೇರಿದರು. ಹೋಗುವ ದಿನ ಮಾಸ್ಟರ್ ಕೀಗಳ ಗೊಂಚಲನ್ನು ನನ್ನ ಕೈಗೆ ಕೊಟ್ಟು, ಒಂದೊಂದೇ ಎಣಿಸಿ ನೋಡಿಕೊಳ್ಳಿ ಎಂದರು. ಎಣಿಸಿದೆ. ಶಾಲನ್ನೂ ಪೇಟವನ್ನೂ ಮಡಿಸಿ ಚೀಲದಲ್ಲಿಟ್ಟು ತಂದಿದ್ದರು. ಅದನ್ನೂ ಕೊಟ್ಟರು.

ವಾರ್ಡರನನ್ನು ಕೆಲವು ತಿಂಗಳ ಮೇಲೆ ಬಿಟ್ಟರು. ನನ್ನ ನಗುವಿನಿಂದ ಬಿಟ್ಟರೋ, ಬೇಸತ್ತು ಬಿಟ್ಟರೋ, ಯಾರಿಗೂ ಗೊತ್ತಿಲ್ಲ. ನೌಕರಿ ಇರಲಿಲ್ಲ. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ ಎಂದು ಕೇಳಿದೆ. ಯಾವ ಕೈಯನ್ನು ಅಕ್ಕಿಯೊಳಗೆ ಇಳಿಸಿದ್ದ ಎಂದು ನಾನು ಸಾಹೇಬರನ್ನು ಕೇಳಲಿಲ್ಲ. ವೇದಿಕೆಯ ಮೇಲೆ ನಾನು ತೋರಿಸಿದ್ದು ಬಲಗೈ.

2019ರ ವಸಂತದಲ್ಲಿ, ನಾನು ಬಾಯ್ಲರ್ ನಿಲ್ಲಿಸಲು ಬೇಸ್‌ಮೆಂಟಿಗೆ ಇಳಿದಿದ್ದಾಗ, ಒಶಾವಾದಿಂದ ಫೋನು ಬಂತು. ಅವರ ದೇಶದಲ್ಲಿ ಅವರ ಮೇಲಿದ್ದ ಕೇಸಿನ ಆಧಾರದಿಂದಲೇ ಅಪೀಲಿನಲ್ಲಿ ಗೆದ್ದು ಅವರಿಗೆ ಇಲ್ಲಿ ಉಳಿಯಲು ಅನುಮತಿ ಸಿಕ್ಕಿತ್ತು. ಅದನ್ನು ಹೇಳಲು ಮಾಡಿದ್ದಾರೆಂದುಕೊಂಡೆ.

"ಅವನು ಹೋಗಿಬಿಟ್ಟ," ಎಂದರು.

ವಾರ್ಡರು ತೀರಿಕೊಂಡಿದ್ದ. ಅವನ ಹೆಂಡತಿ ಗಡಿ ದಾಟಿ ಅಣ್ಣನ ಮನೆ ಸೇರಿದ್ದಾಳೆ. ಅವಳಿಗೆ ಮಕ್ಕಳಿಲ್ಲ, ಅಲ್ಲಿಗೆ ಯಾರ ಕೈಯೂ ತಲುಪುವುದಿಲ್ಲ. ಅವಳು ಸಾಹೇಬರಿಗೆ ಫೋನು ಮಾಡಿ, "ನನ್ನ ಗಂಡ ಆಯುಷ್ಯದಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದ. ಅದನ್ನು ಸುಳ್ಳು ಅಂತ ನಗುನಗುತ್ತ ಹೇಳಿದ ಆ ಮುದುಕ ಯಾರು?" ಎಂದು ಕೇಳಿದಳಂತೆ.

"ನೀವು ಏನು ಹೇಳಿದಿರಿ?"

"ನಾನೇ ಹೇಳಿಸಿದ್ದು ಅಂದೆ. ಆದರೆ ಆಕೆಗೆ ಅಷ್ಟು ಸಾಲದು. ಅದು ನಿಜ ಅಂತ ನೀವೇ ಹೇಳಬೇಕಂತೆ. ಈಗ ಹೇಳಬಹುದು, ಸೂಪರ್ ಸಾಬ್."

ಎರಡು ವರ್ಷದಿಂದ ಆ ಮಾತಿಗೆ ಕಾದಿದ್ದೆ. ಸಿಕ್ಕಾಗ ಬಾಯ್ಲರಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ಎಲ್ಲೋ ಒಂದು ಕಡೆ ಎಡಗೈಯಲ್ಲಾದರೂ ಅಕ್ಕಿ ಅಳೆಯುತ್ತ ಇರುವುದಾದರೆ, ಈ ಊರಿನಲ್ಲಿ ನಾನು ಸಾಯುವ ತನಕ ಸುಳ್ಳಪ್ಪನಾಗಿ ಇರಬಹುದಿತ್ತು.

ಬರೆದದ್ದನ್ನು ಮೊದಲು ಸಾಹೇಬರಿಗೆ ಫೋನಿನಲ್ಲಿ ಸಾಲುಸಾಲಾಗಿ ಹಿಂದಿಯಲ್ಲಿ ಹೇಳಿದ್ದೇನೆ. ಎರಡು ಕಡೆ ಇದು ಬೇಡ ಎಂದರು, ತೆಗೆದಿದ್ದೇನೆ. ಫ್ಯಾನಿನ ಮಾತು ತೆಗೆಯಲೇ ಎಂದು ನಾನೇ ಕೇಳಿದೆ. ಇರಲಿ ಎಂದರು. ಕಾರ್ಯದರ್ಶಿಗೂ ತೋರಿಸಿದೆ. ಅವಳು ಓದಿ, ಇಂಗ್ಲಿಷಿಗೆ ತಾನೇ ಬರೆದುಕೊಡುತ್ತೇನೆ ಎಂದಿದ್ದಾಳೆ. ಅದು ಅವನ ಹೆಂಡತಿಗೆ ಹೋಗುತ್ತದೆ, ಅವಳಿಗೆ ಯಾರಾದರೂ ಓದಿ ಹೇಳುತ್ತಾರೆ.

ಅಮ್ಮಾ, ಆ ಮುದುಕ ನಾನು. ನಿಮ್ಮ ಗಂಡ ಬೀಗದ ಕೈ ತೆಗೆದುಕೊಂಡದ್ದು ನಿಜ. ಅಕ್ಕಿಯೊಳಗೆ ಹುಗಿದದ್ದು ನಿಜ. ಆ ಹುಡುಗರು ಬದುಕಿದ್ದಾರೆ.